ಅಪಹೃತ ಮೊಬೈಲಿನ ಸ್ತಂಭನವೂ ಅಸ್ವಾಮಿವಿಕ್ರಯದ ಧರ್ಮವೂ

೧. ವಿಷಯಪ್ರವೇಶ

ಕಳೆದುಹೋದ ಅಥವಾ ಕಳವಾದ ವಸ್ತುವು ಯಾರ ಕೈಯಲ್ಲಿ ಸಿಕ್ಕಿದರೂ ಅದು ಮೊದಲಿನ ಒಡೆಯನಿಗೇ ಸೇರತಕ್ಕುದೆಂಬುದು ಬಹುಮಟ್ಟಿಗೆ ಎಲ್ಲ ದೇಶಗಳ ವ್ಯವಹಾರಶಾಸ್ತ್ರಕ್ಕೂ ಸಮ್ಮತವಾದ ಮಾತು. ಕಳ್ಳನನ್ನು ಹಿಡಿಯುವುದು, ಮಾಲನ್ನು ಒಡೆಯನಿಗೆ ಒಪ್ಪಿಸುವುದು, ಅಪರಾಧಿಯನ್ನು ದಂಡಿಸುವುದು, ಈ ಮೂರು ಕಾರ್ಯಗಳು ಬಹುಕಾಲದಿಂದ ಪ್ರಭುತ್ವದ ಕರ್ತವ್ಯಗಳೆನಿಸಿವೆ. ಈಚಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಇವುಗಳೊಡನೆ ನಾಲ್ಕನೆಯದೊಂದು ಕಾರ್ಯವು ಸೇರಿಕೊಂಡಿದೆ. ಅದೆಂತೆಂದರೆ, ಮೊಬೈಲು ದೂರವಾಣಿಯು ಕಳವಾದಲ್ಲಿ, ಕಳ್ಳನು ಸಿಕ್ಕುವುದಕ್ಕೂ ಮಾಲು ಎಲ್ಲಿದೆಯೆಂದು ತಿಳಿಯುವುದಕ್ಕೂ ಮುಂಚೆಯೇ, ಆ ಯಂತ್ರವು ಯಾವ ಕಂಪೆನಿಯ ಜಾಲದಲ್ಲಿಯೂ ನಡೆಯದಂತೆ ಅದನ್ನು ನಿಲ್ಲಿಸಬೇಕೆಂದು ಸೇವೆಯನ್ನು ಒದಗಿಸುವ ಕಂಪೆನಿಗಳಿಗೆ ವಿಧಿಸುವುದು. ವಸ್ತುವು ಕಳ್ಳನ ಕೈಯಲ್ಲಿದ್ದರೂ ಅವನಿಗೆ ಅದರಿಂದ ಪ್ರಯೋಜನವಾಗಬಾರದೆಂಬುದು ಈ ವಿಧಿಯ ತಾತ್ಪರ್ಯ.

ಜನರು ಇದನ್ನು ‘ಬ್ಲಾಕ್ ಮಾಡಿಸುವುದು’ ಎನ್ನುತ್ತಾರೆ. ಶಾಸ್ತ್ರೀಯವಾದ ಹೆಸರು ಬೇಕಾದರೆ ‘ಸ್ತಂಭನ’ವೆಂಬ ಶಬ್ದವು ಒಪ್ಪುತ್ತದೆ. ತಂತ್ರಗ್ರಂಥಗಳು ಹೇಳುವ ಷಟ್ಕರ್ಮಗಳಲ್ಲಿ ಸ್ತಂಭನವೂ ಮಾರಣವೂ ಬೇರೆ ಬೇರೆ. ಸ್ತಂಭನದಲ್ಲಿ ಗತಿಯು ನಿಲ್ಲುತ್ತದೆಯೇ ಹೊರತು ಸ್ವರೂಪವು ಕೆಡುವುದಿಲ್ಲ. ನಿಲ್ಲಿಸಿದವನೇ ಮತ್ತೆ ಬಿಡಬಲ್ಲನು. ಭಾರತದಲ್ಲಿ ಈಗ ನಡೆಯುತ್ತಿರುವ ಕ್ರಮವೂ ಅಂತಹದೇ. ಮೊಬೈಲು ಒಡೆಯನಿಗೆ ಮರಳಿ ಸಿಕ್ಕಿದರೆ ಆತನ ಕೋರಿಕೆಯ ಮೇಲೆ ತಡೆಯನ್ನು ತೆಗೆಯುವರು.

ಈ ವಿಚಾರವನ್ನು ಕಲಬುರಗಿಯ ಪ್ರಾಂತದಲ್ಲಿ ನಿಂತು ಪರಿಶೀಲಿಸುವುದಕ್ಕೆ ವಿಶೇಷವಾದ ಔಚಿತ್ಯವುಂಟು. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದವನು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಪ್ರಸಿದ್ಧಿ. ದಾಯಭಾಗದ ವಿಷಯದಲ್ಲಿ ಮಿತಾಕ್ಷರೆಯ ಹೆಸರನ್ನು ಕೇಳದವರು ವಿರಳ. ಆದರೆ ಕಳವಾದ ವಸ್ತುವಿನ ಮಾರಾಟವನ್ನು ಕುರಿತ ‘ಅಸ್ವಾಮಿವಿಕ್ರಯ’ ಪ್ರಕರಣವನ್ನು ಓದುವವರು ಕಡಿಮೆ. ಇಂದಿನ ಶಾಸನವು ಎಬ್ಬಿಸಿರುವ ಪ್ರಶ್ನೆಗಳಲ್ಲಿ ಮುಖ್ಯವಾದುದು ಆ ಪ್ರಕರಣದಲ್ಲಿಯೇ ಇದೆ: ಕಳವಿನ ಮಾಲನ್ನು ತಿಳಿಯದೆ ಕೊಂಡವನ ಗತಿಯೇನು? ಒಡೆಯನಿಗೂ ಕೊಂಡವನಿಗೂ ನಡುವೆ ನಷ್ಟವನ್ನು ಹೊರತಕ್ಕವರಾರು?

೨. ಯಂತ್ರದ ಅಂಕ

ಈ ಸ್ತಂಭನವು ಹೇಗೆ ಸಾಧ್ಯವಾಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಮೊಬೈಲಿನಲ್ಲಿ ಎರಡು ಬಗೆಯ ಗುರುತುಗಳುಂಟು. ಒಂದು ಸಿಮ್ ಕಾರ್ಡಿನದು. ಇದು ಚಂದಾದಾರನ ಗುರುತು. ಕಳ್ಳನು ಮೊದಲು ಕಿತ್ತೆಸೆಯುವುದು ಇದನ್ನೇ. ಇನ್ನೊಂದು ಯಂತ್ರದ ಗುರುತು; ಇದಕ್ಕೆ ಐ.ಎಂ.ಇ.ಐ. ಎಂದು ಹೆಸರು. ಇದು ಹದಿನೈದು ಅಂಕಿಗಳ ಸಂಖ್ಯೆ. ಮೊದಲಿನ ಎಂಟು ಅಂಕಿಗಳು ಯಂತ್ರದ ಜಾತಿಯನ್ನು, ಎಂದರೆ ಯಾವ ತಯಾರಕನ ಯಾವ ಮಾದರಿಯೆಂಬುದನ್ನು ಹೇಳುತ್ತವೆ. ಮುಂದಿನ ಆರು ಅಂಕಿಗಳು ಆ ಜಾತಿಯಲ್ಲಿ ವ್ಯಕ್ತಿಯನ್ನು ಬೇರ್ಪಡಿಸುತ್ತವೆ. ನೈಯಾಯಿಕರ ಜಾತಿವ್ಯಕ್ತಿವಿಭಾಗವನ್ನು ಬಲ್ಲವರಿಗೆ ಈ ರಚನೆಯು ಸುಲಭವಾಗಿ ಮನಸ್ಸಿಗೆ ಹತ್ತುವುದು.

ಹದಿನೈದನೆಯ ಅಂಕಿಯು ಪರೀಕ್ಷೆಗಾಗಿ ಇರತಕ್ಕುದು. ಮೊದಲಿನ ಹದಿನಾಲ್ಕು ಅಂಕಿಗಳಲ್ಲಿ ಸಮಸ್ಥಾನದವುಗಳನ್ನು ಇಮ್ಮಡಿಸಿ, ಬಂದುದು ಎರಡು ಅಂಕಿಗಳ ಸಂಖ್ಯೆಯಾದರೆ ಆ ಎರಡನ್ನೂ ಕೂಡಿ, ವಿಷಮಸ್ಥಾನದವುಗಳನ್ನು ಇದ್ದಂತೆಯೇ ಸೇರಿಸಿ, ಒಟ್ಟು ಮೊತ್ತವು ಹತ್ತರ ಅಪವರ್ತ್ಯವಾಗುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಕೊನೆಯಲ್ಲಿ ಬರೆಯುವರು. ಉದಾಹರಣೆಗೆ ೪೯೦೧೫೪೨೦೩೨೩೭೫೧ ಎಂಬ ಸಂಖ್ಯೆಯನ್ನು ತೆಗೆದುಕೊಂಡರೆ, ಸಮಸ್ಥಾನಗಳಿಂದ ೩೦, ವಿಷಮಸ್ಥಾನಗಳಿಂದ ೨೨, ಒಟ್ಟು ೫೨ ಬರುತ್ತದೆ. ಅರವತ್ತಕ್ಕೆ ಎಂಟು ಕಡಿಮೆಯಾದುದರಿಂದ ಹದಿನೈದನೆಯ ಅಂಕಿಯು ೮ ಆಗುತ್ತದೆ. ಬರೆಯುವಾಗ ಒಂದು ಅಂಕಿಯು ತಪ್ಪಿದರೂ ಲೆಕ್ಕವು ಹೊಂದದೆ ತಪ್ಪು ಹೊರಬೀಳುವುದು. ವೇದಪಾಠದಲ್ಲಿ ಅಕ್ಷರವೊಂದು ಜಾರದಂತೆ ಕ್ರಮ, ಜಟೆ ಮೊದಲಾದ ಪಾಠಗಳನ್ನು ಹಿರಿಯರು ಏರ್ಪಡಿಸಿದುದಕ್ಕೂ ಇದಕ್ಕೂ ಉದ್ದೇಶವು ಒಂದೇ. ಆದರೆ ಈ ಪರೀಕ್ಷೆಯು ಪ್ರಮಾದವನ್ನು ಹಿಡಿಯುತ್ತದೆಯೇ ಹೊರತು ವಂಚನೆಯನ್ನು ಹಿಡಿಯಲಾರದು. ಲೆಕ್ಕವನ್ನು ಬಲ್ಲ ವಂಚಕನು ಹೊಂದುವ ಸುಳ್ಳು ಸಂಖ್ಯೆಯನ್ನೇ ಬರೆಯಬಲ್ಲನು. ಆದಕಾರಣ ಸಂಖ್ಯೆಯನ್ನು ತಿದ್ದುವುದೇ ಬೇರೊಂದು ಅಪರಾಧವೆಂದು ಶಾಸನವು ವಿಧಿಸಬೇಕಾಯಿತು.

ಮೊಬೈಲಿಗೆ ಯಾವ ಸಿಮ್ಮನ್ನು ಹಾಕಿ ತೆರೆದರೂ ಯಂತ್ರವು ಹತ್ತಿರದ ಗೋಪುರದ ಮೂಲಕ ತನ್ನ ಅಂಕವನ್ನು ಜಾಲಕ್ಕೆ ತಿಳಿಸುತ್ತದೆ. ಜಾಲದಲ್ಲಿ ಈ ಅಂಕಗಳ ದಫ್ತರವೊಂದಿರುವುದು. ಅದರಲ್ಲಿ ಮೂರು ಪಟ್ಟಿಗಳು: ನಿರ್ಬಾಧವಾಗಿ ನಡೆಯತಕ್ಕವು ಬಿಳಿಯ ಪಟ್ಟಿಯಲ್ಲಿ, ಸಂಶಯಕ್ಕೆ ಒಳಗಾದವು ಬೂದುಬಣ್ಣದ ಪಟ್ಟಿಯಲ್ಲಿ, ನಿಷಿದ್ಧವಾದವು ಕರಿಯ ಪಟ್ಟಿಯಲ್ಲಿ. ಒಂದು ಕಂಪೆನಿಯ ಕರಿಯ ಪಟ್ಟಿಯು ಆ ಕಂಪೆನಿಯೊಳಗೆ ಮಾತ್ರ ಇದ್ದರೆ ಕಳ್ಳನು ಇನ್ನೊಂದು ಕಂಪೆನಿಯ ಸಿಮ್ಮನ್ನು ಹಾಕಿ ಮೊಬೈಲನ್ನು ನಡೆಯಿಸಬಲ್ಲನು. ಹೀಗಾಗದಂತೆ ಎಲ್ಲ ಕಂಪೆನಿಗಳ ಪಟ್ಟಿಗಳನ್ನೂ ಒಂದೇ ಕಡೆ ಜೋಡಿಸುವ ಕೇಂದ್ರದಫ್ತರವೊಂದು ಬೇಕು. ಭಾರತದಲ್ಲಿ ಸಿ.ಇ.ಐ.ಆರ್. ಎಂದು ಪ್ರಸಿದ್ಧವಾಗಿರುವುದು ಇದೇ.

೩. ಶಾಸನಗಳು ಬೆಳೆದ ಕ್ರಮ

ಬ್ರಿಟನ್ನಿನಲ್ಲಿ ೨೦೦೨ನೆಯ ಇಸವಿಯಲ್ಲಿ ಮೊಬೈಲಿನ ಅಂಕವನ್ನು ಬದಲಾಯಿಸುವುದನ್ನು ಅಪರಾಧವೆಂದು ಸಾರುವ ಶಾಸನವು ಬಂದಿತು. ಅದಕ್ಕೆ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದರು. ಅಮೆರಿಕೆಯಲ್ಲಿ ೨೦೧೨ರಲ್ಲಿ ದೊಡ್ಡ ಕಂಪೆನಿಗಳು ಕಳವಾದ ಯಂತ್ರಗಳ ದಫ್ತರವನ್ನು ಇರಿಸಲು ಒಪ್ಪಿಕೊಂಡವು. ಅಷ್ಟರಿಂದ ತೃಪ್ತಿಯಾಗದೆ ೨೦೧೪ರಲ್ಲಿ ಮಿನೆಸೋಟ ಮತ್ತು ಕ್ಯಾಲಿಫೋರ್ನಿಯ ಸಂಸ್ಥಾನಗಳು, ಒಡೆಯನು ದೂರದಿಂದಲೇ ನಿಷ್ಕ್ರಿಯಗೊಳಿಸುವಂತಹ ಸಾಧನವು ಮೊಬೈಲಿನಲ್ಲಿಯೇ ಅಡಕವಾಗಿರಬೇಕೆಂದು ವಿಧಿಸಿದವು; ಕ್ಯಾಲಿಫೋರ್ನಿಯದ ಶಾಸನವು ೨೦೧೫ರ ಜುಲೈ ೧ರಿಂದ ನಡೆಯಿತು. ಮೊದಲಿನ ಮಾರ್ಗದಲ್ಲಿ ತಡೆಯು ಜಾಲದಲ್ಲಿರುವುದು; ಎರಡನೆಯದರಲ್ಲಿ ಯಂತ್ರದಲ್ಲಿಯೇ ಇರುವುದು. ಭಾರತವು ಹಿಡಿದುದು ಮುಖ್ಯವಾಗಿ ಮೊದಲಿನ ಮಾರ್ಗವನ್ನು.

ಭಾರತದಲ್ಲಿ ೨೦೦೯ರ ಡಿಸೆಂಬರ್ ೧ರಿಂದ ಸರಿಯಾದ ಅಂಕವಿಲ್ಲದ ಮೊಬೈಲುಗಳಿಗೆ ಸೇವೆಯನ್ನು ನಿಲ್ಲಿಸಲಾಯಿತು. ಆ ಕಾಲದಲ್ಲಿ ಅಗ್ಗದ ಬೆಲೆಗೆ ಬಂದಿದ್ದ ಎಷ್ಟೋ ಯಂತ್ರಗಳಿಗೆ ಅಂಕವೇ ಇರಲಿಲ್ಲ, ಇಲ್ಲವೆ ಅನೇಕಕ್ಕೆ ಒಂದೇ ಅಂಕವಿದ್ದಿತು. ೨೦೧೭ರ ಆಗಸ್ಟ್ ೨೫ರಂದು, ೧೮೮೫ರ ತಂತಿ ಶಾಸನದ ಅಡಿಯಲ್ಲಿ, ಅಂಕವನ್ನು ತಿದ್ದುವುದನ್ನು ನಿಷೇಧಿಸುವ ನಿಯಮಗಳು ಪ್ರಕಟವಾದವು. ೨೦೧೯ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದಲ್ಲಿಯೂ, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯಲ್ಲಿಯೂ ಕೇಂದ್ರದಫ್ತರದ ಕೆಲಸವನ್ನು ಪ್ರಯೋಗಾರ್ಥವಾಗಿ ಆರಂಭಿಸಿದರು. ಇದನ್ನು ನಿರ್ಮಿಸಿದುದು ಕೇಂದ್ರ ಸರಕಾರದ ಸಿ-ಡಾಟ್ ಸಂಸ್ಥೆ. ಬಳಿಕ ಕರ್ನಾಟಕವೂ ಇದರಲ್ಲಿ ಸೇರಿತು. ೨೦೨೩ರ ಮೇ ೧೬ರಂದು ‘ಸಂಚಾರ ಸಾಥಿ’ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಈ ಸೌಕರ್ಯವನ್ನು ತೆರೆದಾಗ, ಕರ್ನಾಟಕದ ಪೊಲೀಸರು ಇದರ ಸಹಾಯದಿಂದ ೨೫೦೦ಕ್ಕಿಂತ ಹೆಚ್ಚು ಮೊಬೈಲುಗಳನ್ನು ಪತ್ತೆಮಾಡಿ ಒಡೆಯರಿಗೆ ಒಪ್ಪಿಸಿರುವರೆಂದು ಕೇಂದ್ರ ಸರಕಾರವು ತಿಳಿಸಿತು.

ತರುವಾಯ ಹಳೆಯ ತಂತಿ ಶಾಸನದ ಸ್ಥಾನದಲ್ಲಿ ೨೦೨೩ರ ದೂರಸಂಪರ್ಕ ಶಾಸನವು ಬಂದಿತು. ಅದರ ೪೨ನೆಯ ವಿಧಿಯು ೨೦೨೪ರ ಜೂನ್ ೨೬ರಿಂದ ಜಾರಿಯಲ್ಲಿದೆ. ಯಂತ್ರದ ಗುರುತನ್ನು ತಿದ್ದಿದವನಿಗೆ ಮೂರು ವರ್ಷಗಳವರೆಗೆ ಸೆರೆ, ಅಥವಾ ಐವತ್ತು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ೨೦೨೪ರ ನವೆಂಬರಿನ ದೂರಸಂಪರ್ಕ ಭದ್ರತಾ ನಿಯಮಗಳಿಂದ ತಯಾರಕರ ಮೇಲೆಯೂ ಕಂಪೆನಿಗಳ ಮೇಲೆಯೂ ಹೊಣೆಯು ಬಿದ್ದಿತು. ೨೦೨೫ರ ಅಕ್ಟೋಬರಿನಲ್ಲಿ ಆ ನಿಯಮಗಳಿಗೆ ತಂದ ತಿದ್ದುಪಡಿಯು ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಬಳಸಿದ ಮೊಬೈಲುಗಳನ್ನು ಕೊಳ್ಳುವ ಮಾರುವ ವ್ಯವಹಾರದಲ್ಲಿ ತೊಡಗಿದವರು, ವ್ಯವಹಾರಕ್ಕೆ ಮುಂಚೆ ಆ ಯಂತ್ರದ ಅಂಕವು ಸರಕಾರದ ನಿಷಿದ್ಧಪಟ್ಟಿಯಲ್ಲಿ ಇದೆಯೇ ಎಂದು ನೋಡತಕ್ಕುದೆಂದೂ, ಇದ್ದರೆ ವ್ಯವಹರಿಸಕೂಡದೆಂದೂ ಅದು ವಿಧಿಸಿತು. ಕಳವಿನ ಮಾಲಿನ ವಿಚಾರವು ಹೀಗೆ ಒಡೆಯ ಮತ್ತು ಕಳ್ಳನ ನಡುವಿನಿಂದ ಹೊರಟು ಅಂಗಡಿಯ ಕಟ್ಟೆಗೆ ಬಂದು ನಿಂತಿತು.

೪. ಕಲಬುರಗಿ, ಕಮಲಾಪುರಗಳಲ್ಲಿ ಇದು ನಡೆಯುವ ಬಗೆ

ಕಲಬುರಗಿ ನಗರಕ್ಕೆ ೨೦೧೯ರಿಂದ ಪೊಲೀಸ್ ಕಮಿಷನರ ಕಚೇರಿಯಿದೆ. ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವು ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯ ವ್ಯಾಪ್ತಿಯದು. ಶರಣಬಸವೇಶ್ವರರ ಜಾತ್ರೆಯಲ್ಲಿ, ಖ್ವಾಜಾ ಬಂದೇನವಾಜರ ಉರುಸಿನಲ್ಲಿ, ಸೂಪರ್ ಮಾರ್ಕೆಟ್ಟಿನ ಸಂದಣಿಯಲ್ಲಿ, ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಜೇಬಿನ ವಸ್ತುವು ಹೋಗುವುದು ಸುಲಭ. ಕಮಲಾಪುರದ ಒಕ್ಕಲಿಗನೊಬ್ಬನು ನಗರಕ್ಕೆ ಬಂದು ಮೊಬೈಲನ್ನು ಕಳೆದುಕೊಂಡನೆಂದು ಭಾವಿಸೋಣ. ಅವನು ಮಾಡತಕ್ಕ ಕೆಲಸಗಳ ಕ್ರಮವು ಹೀಗಿದೆ.

ಮೊದಲು ಠಾಣೆಗೆ ಹೋಗಿ ದೂರನ್ನು ಕೊಟ್ಟು ಅದರ ಪ್ರತಿಯನ್ನು ಪಡೆಯಬೇಕು. ಎರಡನೆಯದಾಗಿ, ತನ್ನ ಹಳೆಯ ನಂಬರಿಗೇ ಹೊಸ ಸಿಮ್ಮನ್ನು ತೆಗೆದುಕೊಳ್ಳಬೇಕು. ಏಕೆಂದರೆ ಕೋರಿಕೆಯನ್ನು ದೃಢಪಡಿಸುವ ಗುಪ್ತಸಂಖ್ಯೆಯು ಆ ನಂಬರಿಗೆ ಬರುತ್ತದೆ. ಹೊಸದಾಗಿ ಕೊಟ್ಟ ಸಿಮ್ಮಿಗೆ ಇಂತಹ ಸಂದೇಶಗಳು ಬರಲು ಒಂದು ದಿನದವರೆಗೆ ತಡವಾಗುವುದೂ ಉಂಟು. ಮೂರನೆಯದಾಗಿ, ಸಂಚಾರ ಸಾಥಿಯಲ್ಲಿ ಯಂತ್ರದ ಅಂಕ, ಕಳೆದ ಸ್ಥಳ ಮತ್ತು ದಿನ, ದೂರಿನ ಪ್ರತಿ, ಕೊಂಡ ಬಿಲ್ಲು, ತನ್ನ ಗುರುತಿನ ಚೀಟಿ ಇವುಗಳನ್ನು ಸಲ್ಲಿಸಬೇಕು. ತಾನಾಗಿ ಮಾಡಲಾರದವನ ಪರವಾಗಿ ಪೊಲೀಸರೂ ಸಲ್ಲಿಸಬಹುದು. ಕೋರಿಕೆಯು ಅಂಗೀಕೃತವಾದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಆ ಅಂಕವು ಎಲ್ಲ ಕಂಪೆನಿಗಳ ಕರಿಯ ಪಟ್ಟಿಗೂ ಸೇರುತ್ತದೆ. ಎರಡು ಸಿಮ್ಮುಗಳ ಮೊಬೈಲಿಗೆ ಎರಡು ಅಂಕಗಳಿರುವುದರಿಂದ ಎರಡನ್ನೂ ಕೊಡುವುದು ಅವಶ್ಯ.

ಸ್ತಂಭನದಿಂದ ಪತ್ತೆಯ ದಾರಿಯು ಮುಚ್ಚಿಹೋಗುವುದಿಲ್ಲ. ತಡೆಯಲ್ಪಟ್ಟ ಯಂತ್ರಕ್ಕೆ ಯಾರಾದರೂ ಸಿಮ್ಮನ್ನು ಹಾಕಿದರೆ, ಆ ಪ್ರಯತ್ನದ ಸುದ್ದಿಯು ದಫ್ತರದ ಮೂಲಕ ಪೊಲೀಸರಿಗೆ ತಲಪುತ್ತದೆ. ಮೊಬೈಲು ದೊರೆತಾಗ ಒಡೆಯನು ತನಗೆ ಕೊಟ್ಟಿದ್ದ ಕೋರಿಕೆಯ ಸಂಖ್ಯೆಯನ್ನು ತೋರಿಸಿ ತಡೆಯನ್ನು ತೆಗೆಯಿಸಿಕೊಳ್ಳುವನು. ಆದರೆ ಮೊಬೈಲಿನ ಮೂಲಕ ನಡೆಯುವ ಬ್ಯಾಂಕಿನ ಲೆಕ್ಕಕ್ಕೆ ಈ ತಡೆಯಿಂದ ರಕ್ಷಣೆಯಿಲ್ಲ; ಅದಕ್ಕಾಗಿ ಬ್ಯಾಂಕಿಗೆ ಬೇರೆಯಾಗಿಯೇ ತಿಳಿಸತಕ್ಕುದು.

ಈ ಕ್ರಮದಲ್ಲಿ ಒಕ್ಕಲಿಗನಿಗೆ ಒದಗುವ ಮುಖ್ಯವಾದ ಕಷ್ಟವು ಬಿಲ್ಲಿನದು. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಗೆಳೆಯನಿಗೆ, ಅವನಿಂದ ಅಂಗಡಿಗೆ, ಅಂಗಡಿಯಿಂದ ಮತ್ತೊಬ್ಬನಿಗೆ ಹೀಗೆ ಕೈಬದಲಾಗುತ್ತ ಬಂದ ಹಳೆಯ ಮೊಬೈಲಿಗೆ ಬಿಲ್ಲು ಇರುವುದು ಅಪೂರ್ವ. ಅಂಕವನ್ನು ಬರೆದಿಟ್ಟುಕೊಂಡವರು ಅದಕ್ಕಿಂತಲೂ ಕಡಿಮೆ. ಯಂತ್ರವು ಕೈಯಲ್ಲಿರುವಾಗ ನಕ್ಷತ್ರ, ಚೌಕ, ಸೊನ್ನೆ, ಆರು, ಚೌಕ ಇವುಗಳನ್ನು ಒತ್ತಿದರೆ ಅಂಕವು ತೆರೆಯ ಮೇಲೆ ಕಾಣುವುದು. ಯಂತ್ರವು ಹೋದಮೇಲೆ ಹುಡುಕತಕ್ಕುದು ಬಿಲ್ಲಿನಲ್ಲಿ ಅಥವಾ ಡಬ್ಬಿಯ ಮೇಲೆ.

೫. ಮಿತಾಕ್ಷರೆಯ ಅಸ್ವಾಮಿವಿಕ್ರಯ ಪ್ರಕರಣ

ಇನ್ನು ಪ್ರಾಚೀನರ ನಿರ್ಣಯವನ್ನು ನೋಡತಕ್ಕುದು. ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಹೇಳಿದುದನ್ನು ವಿಜ್ಞಾನೇಶ್ವರನು ವಿವರಿಸುವ ಈ ಪ್ರಕರಣದ ಸಾರವನ್ನು ಐದು ಅಂಶಗಳಾಗಿ ಸಂಗ್ರಹಿಸಬಹುದು.

ಮೊದಲನೆಯದು: ಪರರು ಮಾರಿದ ತನ್ನ ವಸ್ತುವನ್ನು ಒಡೆಯನು ಕಂಡಲ್ಲಿ ಪಡೆಯಲು ಅರ್ಹನು. ಎಷ್ಟು ಕೈಗಳನ್ನು ದಾಟಿದರೂ ಸ್ವತ್ವವು ನಾಶವಾಗುವುದಿಲ್ಲ.

ಎರಡನೆಯದು: ಕೊಂಡವನ ಶುದ್ಧಿಯು ಮಾರಿದವನನ್ನು ತೋರಿಸುವುದರಲ್ಲಿದೆ. ತೋರಿಸಿದಲ್ಲಿ ಒಡೆಯನಿಗೆ ವಸ್ತು, ಅರಸನಿಗೆ ದಂಡ, ಕೊಂಡವನಿಗೆ ಕೊಟ್ಟ ಬೆಲೆ, ಇವು ಮೂರೂ ಮಾರಿದವನಿಂದ ಸಲ್ಲಬೇಕು. ಕೊಂಡವನು ಗುಟ್ಟಾಗಿಯೋ, ಅಂತಹ ವಸ್ತುವು ಇರಲು ಶಕ್ಯವಿಲ್ಲದ ಹೀನನಿಂದಲೋ, ತೀರ ಕಡಿಮೆ ಬೆಲೆಗೋ, ಹೊತ್ತಲ್ಲದ ಹೊತ್ತಿನಲ್ಲಿಯೋ ಕೊಂಡಿದ್ದರೆ ಅವನನ್ನೂ ಕಳ್ಳನೆಂದೇ ಎಣಿಸತಕ್ಕುದು. ಈ ನಾಲ್ಕು ಲಕ್ಷಣಗಳು ಇಂದಿನ ಬಳಸಿದ ಮೊಬೈಲಿನ ಪೇಟೆಗೆ ಅಕ್ಷರಶಃ ಹೊಂದುತ್ತವೆ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ ೩೧೭ನೆಯ ವಿಧಿಯು, ಕಳವಿನದೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದು ಮಾಲನ್ನು ಇಟ್ಟುಕೊಂಡವನನ್ನು ದಂಡಿಸುತ್ತದೆ. ‘ನಂಬಲು ಕಾರಣ’ವೆಂದರೇನೆಂಬುದಕ್ಕೆ ಸ್ಮೃತಿಕಾರನ ನಾಲ್ಕು ಲಕ್ಷಣಗಳು ಒಳ್ಳೆಯ ವ್ಯಾಖ್ಯಾನವಾಗಬಲ್ಲವು.

ಮೂರನೆಯದು: ವಸ್ತುವು ತನ್ನದೆಂದು ಹೇಳುವವನು ಆಗಮ ಮತ್ತು ಉಪಭೋಗ ಇವೆರಡರಿಂದ ಅದನ್ನು ಸಾಧಿಸಬೇಕು. ಆಗಮವೆಂದರೆ ವಸ್ತುವು ತನಗೆ ಬಂದ ಬಗೆ. ಉಪಭೋಗವೆಂದರೆ ತಾನು ಅದನ್ನು ಅನುಭವಿಸುತ್ತಿದ್ದುದು. ಸಾಧಿಸಲಾರದೆ ಹೋದರೆ ವಸ್ತುವಿನ ಐದನೆಯ ಒಂದು ಪಾಲು ದಂಡ. ಇಂದಿನ ಕ್ರಮದಲ್ಲಿ ಬಿಲ್ಲು ಆಗಮದ ಸ್ಥಾನದಲ್ಲಿದೆ. ಆ ಯಂತ್ರದಲ್ಲಿ ತನ್ನ ನಂಬರು ನಡೆಯುತ್ತಿದ್ದುದು ಉಪಭೋಗದ ಸ್ಥಾನದಲ್ಲಿದೆ.

ನಾಲ್ಕನೆಯದು: ಕಳವಾದ ತನ್ನ ವಸ್ತುವೇ ಆದರೂ ಅರಸನಿಗೆ ತಿಳಿಸದೆ ಪರರ ಕೈಯಿಂದ ಕಸಿದುಕೊಂಡವನಿಗೆ ತೊಂಬತ್ತಾರು ಪಣಗಳ ದಂಡ. ಕಳ್ಳನ ಸುದ್ದಿಯನ್ನು ಮುಚ್ಚಿದಂತಾಗುವುದೇ ಇದರಲ್ಲಿರುವ ದೋಷ. ಠಾಣೆಯ ದೂರಿಲ್ಲದೆ ಸ್ತಂಭನವಿಲ್ಲವೆಂಬ ನಿಯಮವೂ ಇದೇ ಜಾಡಿನದು.

ಐದನೆಯದು: ಸುಂಕದವರು ಅಥವಾ ಠಾಣೆಯವರು ಕಳೆದುಹೋದ ವಸ್ತುವನ್ನು ಹಿಡಿದು ತಂದರೆ ಒಂದು ವರ್ಷದೊಳಗೆ ಒಡೆಯನು ಅದನ್ನು ಪಡೆಯಬಹುದು, ಆಮೇಲೆ ಅದು ಅರಸನದು. ಮನುವು ಈ ಅವಧಿಯನ್ನು ಮೂರು ವರ್ಷಗಳೆಂದು ಹೇಳಿದ್ದಾನೆ.

ಕಳ್ಳನನ್ನು ಗುರುತಿಸುವ ಬಗೆಯಲ್ಲಿಯೂ ಸಾಮ್ಯವುಂಟು. ಕಳವಿನ ಮಾಲಿನ ಒಂದು ಭಾಗವು ಸಿಕ್ಕುವುದರಿಂದಾಗಲಿ ಹೆಜ್ಜೆಯ ಗುರುತಿನಿಂದಾಗಲಿ ಕಳ್ಳನನ್ನು ಹಿಡಿಯತಕ್ಕುದೆಂದು ಸ್ಮೃತಿಯು ಹೇಳುತ್ತದೆ. ಮೊಬೈಲಿನ ವಿಷಯದಲ್ಲಿ ಮಾಲು ಬೇರೆ, ಹೆಜ್ಜೆ ಬೇರೆ ಎಂಬ ಭೇದವಿಲ್ಲ. ಮಾಲೇ ತಾನು ಹೋದಲ್ಲೆಲ್ಲ ಜಾಲದಲ್ಲಿ ಹೆಜ್ಜೆಯನ್ನು ಮೂಡಿಸುತ್ತ ಹೋಗುವುದು. ಪ್ರಾಚೀನರು ಊರ ಗಡಿಯವರೆಗೆ ಹೆಜ್ಜೆಯನ್ನು ಹಿಡಿದು ಹೋಗಿ, ಹೆಜ್ಜೆಯು ಹೊರಗೆ ಹೋಗಿರದಿದ್ದರೆ ಗ್ರಾಮಾಧಿಪತಿಯ ಮೇಲೆ ಹೊಣೆಯನ್ನು ಹೊರಿಸುತ್ತಿದ್ದರು. ಈಗ ಆ ಹೊಣೆಯ ಒಂದಂಶವು ಜಾಲದ ಒಡೆಯರಾದ ಕಂಪೆನಿಗಳ ಮೇಲೆ ಬಿದ್ದಿದೆ. ತಮ್ಮ ಸೀಮೆಯಲ್ಲಿ ಕಳವಿನ ಮಾಲು ನಡೆದಾಡಲು ಬಿಡಕೂಡದೆಂಬ ಧರ್ಮವೇ ಎರಡು ಕಡೆಯಲ್ಲಿಯೂ ಇರುವುದು.

೬. ತಿಳಿಯದೆ ಕೊಂಡವನ ವಿಚಾರ

ಸಾಮ್ಯವು ಇಲ್ಲಿಯವರೆಗೆ ಚೆನ್ನಾಗಿ ನಡೆಯುತ್ತದೆ. ಇದರ ಮುಂದೆ ವೈಷಮ್ಯವು ಆರಂಭವಾಗುತ್ತದೆ. ಕಲಬುರಗಿಯಲ್ಲಿ ಕೂಲಿಮಾಡುವವನೊಬ್ಬನು ತನ್ನ ಮಗಳ ಓದಿಗೆಂದು ಹಳೆಯ ಮೊಬೈಲನ್ನು ಹಗಲು ಹೊತ್ತಿನಲ್ಲಿ, ತೆರೆದ ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ, ತಕ್ಕ ಬೆಲೆಯನ್ನು ಕೊಟ್ಟು ಕೊಂಡನೆನ್ನೋಣ. ಕೆಲವು ದಿನಗಳ ಮೇಲೆ ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ಅಂಗಡಿಯವನು ಅದನ್ನು ಮತ್ತಾರಿಂದಲೋ ಕೊಂಡಿದ್ದನು. ಆ ಮನುಷ್ಯನ ಹೆಸರೂ ಊರೂ ಅವನಿಗೆ ತಿಳಿಯದು. ಸ್ಮೃತಿಯ ನಾಲ್ಕು ದೋಷಗಳಲ್ಲಿ ಒಂದೂ ಈ ಕೂಲಿಯವನಲ್ಲಿಲ್ಲ. ಆದರೂ ಅವನ ಗಳಿಕೆಯು ಹೋಯಿತು.

ಮನುವಿನ ಮತದಲ್ಲಿ ಬಹಿರಂಗವಾಗಿ ಕೊಂಡವನು ದಂಡಾರ್ಹನಲ್ಲ. ಆದರೆ ವಸ್ತುವು ಒಡೆಯನಿಗೆ ಹೋಗತಕ್ಕುದು. ಮಾರಾಟದ ಸರಕುಗಳನ್ನು ಕುರಿತ ೧೯೩೦ರ ಶಾಸನದ ೨೭ನೆಯ ವಿಧಿಯ ಮುಖ್ಯಸೂತ್ರವೂ, ಮಾರುವವನಿಗಿಲ್ಲದ ಸ್ವತ್ವವು ಕೊಳ್ಳುವವನಿಗೆ ಬಾರದೆಂಬುದೇ. ಇದಕ್ಕಿಂತ ಸೂಕ್ಷ್ಮವಾದ ನಿರ್ಣಯವು ಬೃಹಸ್ಪತಿಯ ಹೆಸರಿನಲ್ಲಿ ಬಂದಿದೆ. ವರ್ತಕರ ಬೀದಿಯಲ್ಲಿ, ರಾಜಪುರುಷರಿಗೆ ತಿಳಿದಿರುವಂತೆ, ಆದರೆ ನೆಲೆಯರಿಯದ ಮಾರಾಟಗಾರನಿಂದ ಕೊಂಡಿದ್ದಲ್ಲಿ, ಒಡೆಯನು ಅರ್ಧಬೆಲೆಯನ್ನು ಕೊಟ್ಟು ತನ್ನ ವಸ್ತುವನ್ನು ಪಡೆಯಬೇಕು. ಹೀಗೆ ಇಬ್ಬರಿಗೂ ಅರ್ಧರ್ಧ ನಷ್ಟವಾಗುವುದು ವ್ಯವಹಾರದ ಕ್ರಮವೆಂದು ಅಲ್ಲಿ ಹೇಳಿದೆ. ಅದಕ್ಕೆ ಕೊಟ್ಟಿರುವ ಕಾರಣವು ಮನನಯೋಗ್ಯವಾದುದು. ಅರಿಯದವನಿಂದ ಕೊಂಡುದು ಕೊಂಡವನ ದೋಷ. ವಸ್ತುವನ್ನು ಕಾಪಾಡದೆ ಹೋದುದು ಒಡೆಯನ ದೋಷ. ಇಬ್ಬರಲ್ಲಿಯೂ ದೋಷಲೇಶವಿರುವುದರಿಂದ ನಷ್ಟವೂ ಇಬ್ಬರಿಗೆ ಹಂಚಿಕೆಯಾಗತಕ್ಕುದು.

ಸ್ತಂಭನಶಾಸನವು ಈ ಹಂಚಿಕೆಯನ್ನು ಮಾಡುವುದಿಲ್ಲ. ಯಂತ್ರವು ನಿಂತೊಡನೆ ಕೊಂಡವನಿಗೆ ಪೂರ್ಣನಷ್ಟ. ಪತ್ತೆಯಾಗದಿದ್ದರೆ ಒಡೆಯನಿಗೂ ಪೂರ್ಣನಷ್ಟ. ಒಂದೇ ವಸ್ತುವಿಗಾಗಿ ಇಬ್ಬರು ನಿರಪರಾಧಿಗಳು ಬೇರೆ ಬೇರೆಯಾಗಿ ಪೂರ್ಣಬೆಲೆಯನ್ನು ಕಳೆದುಕೊಳ್ಳುವರು. ಮೊದಲು ಮಾರಿದ ಕಳ್ಳನು ಮಾತ್ರ ಹಣವನ್ನು ಎಣಿಸಿಕೊಂಡು ಹೋಗಿರುವನು. ಇದರಿಂದ ಶಾಸನವು ವ್ಯರ್ಥವೆಂದು ಹೇಳತಕ್ಕುದಲ್ಲ. ಮಾಲು ನಡೆಯದೆಂದು ಪೇಟೆಗೆಲ್ಲ ತಿಳಿದರೆ ಕೊಳ್ಳುವವರಿಲ್ಲವಾಗುವರು. ಕೊಳ್ಳುವವರಿಲ್ಲದಿದ್ದರೆ ಕದಿಯುವ ಆಸೆಯೂ ಕುಗ್ಗುವುದು. ಶಾಸನದ ಫಲವು ಮುಂದಿನ ಕಳವನ್ನು ತಡೆಯುವುದರಲ್ಲಿದೆ. ಆಗಿಹೋದ ಕಳವಿನ ನಷ್ಟವನ್ನು ತುಂಬುವುದು ಅದರ ಶಕ್ತಿಗೆ ಮೀರಿದುದು. ಈ ಭೇದವನ್ನು ಮರೆತರೆ ಸ್ತಂಭನವಾದೊಡನೆ ರಾಜಕರ್ತವ್ಯವು ಮುಗಿಯಿತೆಂಬ ಭ್ರಾಂತಿಯುಂಟಾಗುವುದು. ಯಾಜ್ಞವಲ್ಕ್ಯನಾದರೋ ಕಳ್ಳರು ಒಯ್ದ ಧನವನ್ನು ಅರಸನು ಪ್ರಜೆಗೆ ಕೊಡತಕ್ಕುದೆಂದೂ, ಕೊಡದಿದ್ದರೆ ಆ ಪಾಪವು ಅರಸನಿಗೆ ತಟ್ಟುವುದೆಂದೂ ಹೇಳುತ್ತಾನೆ. ಇಂದಿನ ಸರಕಾರವು ಭಂಡಾರದಿಂದ ಮೊಬೈಲಿನ ಬೆಲೆಯನ್ನು ತುಂಬಿಕೊಡಬೇಕೆಂದು ಯಾರೂ ನಿರೀಕ್ಷಿಸಲಾರರು. ಆದರೆ ಪತ್ತೆಮಾಡಿ ಒಪ್ಪಿಸುವ ಪ್ರಯತ್ನವು ಸ್ತಂಭನದ ಜೊತೆಯಲ್ಲಿಯೇ ನಡೆಯತಕ್ಕುದೆಂಬಷ್ಟು ಅರ್ಥವು ಆ ಮಾತಿನಿಂದ ಇಂದಿಗೂ ಸಿದ್ಧಿಸುತ್ತದೆ.

ಸ್ತಂಭನಕ್ಕೆ ಬೇರೆ ಮಿತಿಗಳೂ ಇವೆ. ದೇಶದ ಗಡಿಯನ್ನು ದಾಟಿ, ಈ ದಫ್ತರವನ್ನು ಅನುಸರಿಸದ ಜಾಲಗಳಿಗೆ ಹೋದ ಯಂತ್ರವು ಅಲ್ಲಿ ನಡೆಯಬಲ್ಲುದು. ಬಿಚ್ಚಿ ಬಿಡಿಭಾಗಗಳಾಗಿ ಮಾರಿದರೆ ಅಂಕದಿಂದ ಪ್ರಯೋಜನವಿಲ್ಲ. ಸಿಮ್ಮಿಲ್ಲದೆ ಮನೆಯ ವೈಫೈಯಿಂದ ನಡೆಯುವ ಕೆಲಸಗಳನ್ನೂ ಇದು ತಡೆಯಲಾರದು. ಇವಲ್ಲದೆ, ಯಂತ್ರವನ್ನು ನಿಲ್ಲಿಸುವ ಶಕ್ತಿಯನ್ನು ಯಾರ ಕೈಯಲ್ಲಿ ಎಷ್ಟರಮಟ್ಟಿಗೆ ಇಡತಕ್ಕುದೆಂಬ ವಿವಾದವೂ ಉಂಟು. ೨೦೨೫ರ ನವೆಂಬರ್ ೨೮ರಂದು ಹೊಸ ಮೊಬೈಲುಗಳೆಲ್ಲದರಲ್ಲಿಯೂ ಸಂಚಾರ ಸಾಥಿಯನ್ನು ಮೊದಲೇ ಅಳವಡಿಸಿರಬೇಕೆಂದು ಕೇಂದ್ರ ಸರಕಾರವು ಆಜ್ಞೆಮಾಡಿತು. ಇದು ಪ್ರಜೆಗಳ ಏಕಾಂತಕ್ಕೆ ಬಾಧಕವೆಂಬ ಆಕ್ಷೇಪವು ಪ್ರಬಲವಾಗಲು, ಡಿಸೆಂಬರ್ ೩ರಂದು ಆ ಕಡ್ಡಾಯವನ್ನು ಹಿಂದಕ್ಕೆ ತೆಗೆದುಕೊಂಡಿತು. ಕಳ್ಳನಿಗಾಗಿ ಇರಿಸಿದ ಕಾವಲು ಮನೆಯವರ ಮೇಲೆಯೇ ಕಣ್ಣಿಡಬಾರದೆಂಬ ಶಂಕೆಯು ಸಹಜವಾದುದು.

೭. ಉಪಸಂಹಾರ

ಬೃಹಸ್ಪತಿಯ ವಚನದಲ್ಲಿರುವ ‘ಅರಿಯದೆ ಕೊಳ್ಳುವುದು’ ಮತ್ತು ‘ಕಾಪಾಡದಿರುವುದು’ ಎಂಬ ಎರಡು ದೋಷಗಳಿಗೂ ಈ ಕಾಲದಲ್ಲಿ ಪರಿಹಾರವು ಸುಲಭವಾಗಿದೆ. ಕೊಳ್ಳುವವನು ‘ಕೆವೈಎಂ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನೂ, ಒಂದು ತೆರಪು ಬಿಟ್ಟ ಬಳಿಕ ಯಂತ್ರದ ಹದಿನೈದು ಅಂಕಿಗಳನ್ನೂ ಬರೆದು ೧೪೪೨೨ ಎಂಬ ಸಂಖ್ಯೆಗೆ ಸಂದೇಶವನ್ನು ಕಳುಹಿಸಿದರೆ ಆ ಯಂತ್ರದ ಸ್ಥಿತಿಯು ತಿಳಿಯುತ್ತದೆ. ಒಡೆಯನು ಬಿಲ್ಲನ್ನೂ ಅಂಕವನ್ನೂ ಬೇರೆಡೆಯಲ್ಲಿ ಬರೆದಿಟ್ಟುಕೊಂಡರೆ ಆಗಮವು ಸಾಧಿತವಾಗುತ್ತದೆ. ಅರಿಯುವ ಸಾಧನವು ಕೈಯಲ್ಲಿರುವಾಗ ಅರಿಯದೆ ಕೊಂಡುದು ನಿಜವಾಗಿಯೂ ದೋಷವೇ. ಆದರೆ ಸಾಧನವು ಇದೆಯೆಂಬುದೇ ತಿಳಿಯದವನಲ್ಲಿ ದೋಷವನ್ನೆಣಿಸುವುದು ನ್ಯಾಯವಲ್ಲ. ಕಲಬುರಗಿಯ ಅಂಗಡಿಯ ಕಟ್ಟೆಯ ಮೇಲೆ, ಕಮಲಾಪುರದ ಬಸ್ ನಿಲ್ದಾಣದಲ್ಲಿ ಈ ಮಾತು ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವಂತೆ ತಲಪುವವರೆಗೆ ಶಾಸನದ ಭಾರವು ಬಡವನಾದ ಕೊಳ್ಳುಗನ ಮೇಲೆಯೇ ಹೆಚ್ಚಾಗಿ ಬೀಳುವುದು.

ಬಳಸಿದ ಮೊಬೈಲನ್ನು ಮಾರುವ ಅಂಗಡಿಯವರು ಪಟ್ಟಿಯನ್ನು ನೋಡಿಯೇ ಕೊಳ್ಳಬೇಕೆಂಬ ೨೦೨೫ರ ನಿಯಮವು ಈ ಭಾರವನ್ನು ಸರಿಯಾದ ಹೆಗಲಿಗೆ ಹೊರಿಸುವ ಯತ್ನವಾಗಿದೆ. ಅದರೊಡನೆ, ಪ್ರತಿಯೊಂದು ಮಾರಾಟಕ್ಕೂ ಅಂಕವನ್ನೂ ಮಾರಿದವನ ಹೆಸರು ಊರುಗಳನ್ನೂ ಬರೆದ ಬಿಲ್ಲನ್ನು ಕೊಡುವ ರೂಢಿಯು ಬೆಳೆದರೆ, ಮಾರಿದವನನ್ನು ತೋರಿಸಿ ಶುದ್ಧನಾಗುವ ದಾರಿಯು ಕೊಂಡವನಿಗೆ ತೆರೆಯುವುದು. ಕೊಟ್ಟ ಬೆಲೆಯನ್ನು ಮರಳಿ ಕೇಳುವ ಹಕ್ಕೂ ಅವನ ಕೈಗೆ ಬರುವುದು. ಮರತೂರಿನ ವಿಜ್ಞಾನೇಶ್ವರನು ವಿವರಿಸಿದ ಧರ್ಮದಲ್ಲಿ ಒಡೆಯ, ಕೊಂಡವನು, ಅರಸ ಈ ಮೂವರಿಗೂ ಸಲ್ಲತಕ್ಕುದನ್ನು ಮಾರಿದವನಿಂದಲೇ ವಸೂಲುಮಾಡುವ ಕ್ರಮವಿತ್ತು. ಹೊಸ ಶಾಸನವು ಮಾಲನ್ನು ನಿಲ್ಲಿಸುವುದರಲ್ಲಿ ಸಮರ್ಥವಾಗಿದೆ; ಮಾರಿದವನನ್ನು ನಿಲ್ಲಿಸುವುದರಲ್ಲಿಯೂ ಅಷ್ಟೇ ಸಮರ್ಥವಾದಾಗ ಆ ಹಳೆಯ ಪ್ರಕರಣದ ಉದ್ದೇಶವು ಪೂರ್ಣವಾಗಿ ನೆರವೇರಿದಂತಾಗುವುದು.